ಹಾಲಿಗೆ ದಾರಿ ಇತ್ತು

ಆ ದಿನಗಳು ಎಷ್ಟು ಚೆಂದ ಇದ್ದವು ಎಂದು ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಈಗ ದಿನಾ ಯಾರಾದರೊಬ್ಬರು ಕಣ್ಣೀರು ಹಾಕುತ್ತಾರೆ. ಸೇತುವೆ ಆಯಿತು, ದೋಣಿ ಹೋಯಿತು, ದೋಣಿಯ ಜೊತೆಗೆ ಪ್ರೀತಿ ವಿಶ್ವಾಸವೆಲ್ಲ ಹೊಳೆಯ ಪಾಲಾಯಿತು ಎಂದು ಬರೆಯುತ್ತಾರೆ. ಅದರ ಕೆಳಗೆ ಮುಗಿದ ಕೈಗಳ ಚಿತ್ರ, ಹೂವಿನ ಚಿತ್ರ. ಹಳೆಯ ದೋಣಿಗೆ ಬಣ್ಣ ಬಳಿದು, ಸೇತುವೆಯ ಬಾಯಿಗೆ ಒಂದು ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿದ್ದಾರೆ. ಅದರ ಸಮಾರಂಭಕ್ಕೊಂದು ಪುಸ್ತಕ ತರುತ್ತಾರಂತೆ. ಮೇಡಂ, ನೀವು ನಿಪ್ಪಾಣಿಯಲ್ಲಿ ಕನ್ನಡ ಕಲಿಸುವವರು, ದೋಣಿಯ ಬಗ್ಗೆ ಒಂದು ಸವಿನೆನಪು ಬರೆದುಕೊಡಬೇಕು ಎಂದು ಗ್ರೂಪು ನಡೆಸುವ ಹುಡುಗ ನನಗೆ ಫೋನು ಮಾಡಿದ. ಬಲು ವಿನಯದ ಹುಡುಗ. ಅವನ ಅಜ್ಜನ ವಿಷಯ ಮುಂದೆ ಬರುತ್ತದೆ. ಆಯಿತಪ್ಪಾ, ಬರೆಯುತ್ತೇನೆ ಎಂದೆ. ಸವಿ ಎಷ್ಟಿತ್ತೋ ಅಷ್ಟನ್ನೂ ಹಾಕುತ್ತೇನೆ, ಉಳಿದದ್ದನ್ನೂ ಹಾಕುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ.

ನಮ್ಮೂರು ಕೃಷ್ಣಾ ಹೊಳೆಯ ನಡುಗಡ್ಡೆ. ಊರಿಗೊಂದು ಹೆಸರಿದ್ದರೂ ಸುತ್ತಿನ ಹಳ್ಳಿಯವರೆಲ್ಲ ಗಡ್ಡಿ ಎಂದೇ ಕರೆಯುತ್ತಿದ್ದರು. ಬಡಗಲ ದಂಡೆ ಸೇರಿದರೆ ಅಥಣಿ, ಕಾಗವಾಡದ ದಾರಿ. ತೆಂಕಲ ದಂಡೆ ಸೇರಿದರೆ ರಾಯಬಾಗ, ಚಿಕ್ಕೋಡಿಯ ದಾರಿ. ಬಡಗಲ ಕಡೆಯ ಹೊಳೆ ಬೇಸಿಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿದು ಎಮ್ಮೆಗಳು ನಡೆದೇ ದಾಟುತ್ತಿದ್ದವು. ತೆಂಕಲ ಕಡೆಯದು ಆಳ, ಅಲ್ಲಿ ವರ್ಷವಿಡೀ ದೋಣಿಯೇ ಗತಿ. ಶಾಲೆ, ದವಾಖಾನೆ, ಬಸ್ಸು ಎಲ್ಲ ತೆಂಕಲ ದಂಡೆಯ ಮೇಲಿದ್ದವು.

ಗಡ್ಡೆಯ ಮೇಲೆ ಒಂದಾಳುದ್ದ ಕಪ್ಪು ಮಣ್ಣು, ಅದರ ಕೆಳಗೆಲ್ಲ ಕರಿಕಲ್ಲು. ಆ ಕಲ್ಲು ಒಂದು ಕಾಲಕ್ಕೆ ನೆಲದ ಹೊಟ್ಟೆಯಿಂದ ಉಕ್ಕಿ ಬಂದ ಬೆಂಕಿಯಾಗಿತ್ತಂತೆ, ಹರಿದು ಹರಿದು ಆರಿ ಕಲ್ಲಾಯಿತಂತೆ. ಇದನ್ನು ನನಗೆ ಹೇಳಿದವಳು ನನ್ನ ಅಕ್ಕ ಸುಜಾತಾ. ಭೂಗೋಳದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ನಾವು ಜ್ವಾಲಾಮುಖಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೇವೆ ಗೊತ್ತೇನು ಎಂದು ಹೆದರಿಸಿದಳು. ನಾನು ಎಷ್ಟೋ ದಿನ ನೆಲಕ್ಕೆ ಅಂಗೈ ಹಚ್ಚಿ ಬಿಸಿ ಇದೆಯೇ ಎಂದು ನೋಡುತ್ತಿದ್ದೆ. ಅದನ್ನು ನೋಡಿ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಆ ಕಲ್ಲು ಎಂದೋ ತಣ್ಣಗಾಗಿದೆ. ನನಗೆ ಮಾತ್ರ ಇನ್ನೂ ಸಾಧ್ಯವಾಗಿಲ್ಲ.

ಸವಿಯ ಮಾತು ಮೊದಲು ಮುಗಿಸುತ್ತೇನೆ. ದೋಣಿಗೆ ಡಾಂಬರು ಬಳಿದಿರುತ್ತಿದ್ದರು. ಬಿಸಿಲಿಗೆ ಕಾದ ಡಾಂಬರು, ಒದ್ದೆ ಹಗ್ಗ, ಹಾಲಿನ ಕ್ಯಾನುಗಳ ಹುಳಿವಾಸನೆ, ಎಲ್ಲ ಸೇರಿದ ಒಂದು ವಾಸನೆ ಇತ್ತು. ಈಗಲೂ ಎಲ್ಲಾದರೂ ರಸ್ತೆಗೆ ಡಾಂಬರು ಹಾಕುತ್ತಿದ್ದರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ದೋಣಿ ನಡೆಸುತ್ತಿದ್ದವನು ಅಂಬಿಗರ ಯಲ್ಲಪ್ಪ. ನಮಗೆಲ್ಲ ಯಲ್ಲಪ್ಪ ಕಾಕಾ. ಉದ್ದನೆಯ ಬಿದಿರಿನ ಗಳ ಹೊಳೆಯ ತಳಕ್ಕೆ ಚುಚ್ಚಿ ಅವನು ದೋಣಿಯ ಅಂಚಿನಗುಂಟ ನಡೆದರೆ ದೋಣಿ ಮುಂದೆ ಸರಿಯುತ್ತಿತ್ತು. ಅಂಗಿಯ ಕಿಸೆಯಲ್ಲಿ ಹುರಿದ ಶೇಂಗಾ ಸದಾ ಇರುತ್ತಿತ್ತು. ಶಾಲೆಗೆ ಹೋಗುವ ಎಲ್ಲ ಮಕ್ಕಳಿಗೂ ಒಂದೊಂದು ಹಿಡಿ ಕೊಡುತ್ತಿದ್ದ, ನಮಗೂ ಕೊಡುತ್ತಿದ್ದ, ಕೈ ಮುಟ್ಟಿಯೇ ಕೊಡುತ್ತಿದ್ದ. ನಾವು ಸಿಪ್ಪೆಯನ್ನು ನೀರಿಗೆ ಬಿಟ್ಟು ಯಾರ ಸಿಪ್ಪೆ ಮುಂದೆ ಹೋಗುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಚಿಂಚಲಿ ಮಾಯವ್ವನ ಆಣೆ ಹಾಕದೆ ಅವನಿಗೆ ಒಂದು ಮಾತೂ ಮುಗಿಯುತ್ತಿರಲಿಲ್ಲ. ನನಗೆ ಅವನೆಂದರೆ ಜೀವ.

ದೋಣಿಯಲ್ಲಿ ಎಲ್ಲರೂ ಒಂದೇ ಆಗಿದ್ದೆವು ಎಂದು ಗ್ರೂಪಿನಲ್ಲಿ ಯಾರೋ ಬರೆದಿದ್ದರು. ಒಂದೇ ದೋಣಿಯಲ್ಲಿ ಇದ್ದೆವು, ಅಷ್ಟು ನಿಜ. ಮುಂದಿನ ಹಲಗೆ ಗೌಡರ ಮನೆಯವರದು. ಅದರ ಹಿಂದೆ ಕಬ್ಬಿನ ತೋಟ ಇದ್ದವರು, ಅವರ ಹಿಂದೆ ಮಿಕ್ಕವರು. ಕಟ್ಟಕಡೆಗೆ, ಹಲಗೆಯೇ ಇಲ್ಲದ ಬಾಲದ ಮೂಲೆಯಲ್ಲಿ ನಮ್ಮ ಓಣಿಯವರು. ನೀರು ಜಿನುಗುತ್ತಿದ್ದದ್ದು ಆ ಮೂಲೆಯಲ್ಲೇ. ಒಂದು ತಗಡಿನ ಡಬ್ಬಿ ಅಲ್ಲಿ ಬಿದ್ದಿರುತ್ತಿತ್ತು, ಒಳಗೆ ಬಂದ ನೀರನ್ನು ತುಂಬಿ ತುಂಬಿ ಹೊರಗೆ ಚೆಲ್ಲುವುದು ನಮ್ಮ ಕೆಲಸ. ನನಗದು ಆಟವೆನಿಸಿತ್ತು, ಡಬ್ಬಿಗಾಗಿ ಜಗಳ ಮಾಡುತ್ತಿದ್ದೆ. ಬೇರೆ ಓಣಿಯ ಮಕ್ಕಳಿಗೆ ಆ ಭಾಗ್ಯ ಇಲ್ಲವಲ್ಲ ಎಂದು ಬೀಗುತ್ತಿದ್ದೆ. ನಮ್ಮ ಅಜ್ಜನ ಕಾಲಕ್ಕೆ ನಮ್ಮ ಓಣಿ ಬೌದ್ಧರ ಓಣಿ ಆಗಿತ್ತು, ಮನೆಮನೆಗೆ ಬುದ್ಧನ ಪಟ ಬಂದಿತ್ತು. ದೋಣಿಯಲ್ಲಿ ಕೂರುವ ಜಾಗ ಮಾತ್ರ ಹಾಗೇ ಇತ್ತು. ಅಕ್ಕ ಎಂದೂ ಆ ಡಬ್ಬಿ ಮುಟ್ಟುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಲಂಗ ಎತ್ತಿ ಕಟ್ಟಿ, ಆಚೆ ದಂಡೆ ಬರುವ ತನಕ ನಿಂತೇ ಇರುತ್ತಿದ್ದಳು. ಕುಂದರವ್ವಾ ಎಂದು ಯಾರಾದರೂ ಹೇಳಿದರೆ ಕೇಳಿಸದವಳ ಹಾಗೆ ಇರುತ್ತಿದ್ದಳು.

ನಮ್ಮಪ್ಪ ತೆಂಕಲ ದಂಡೆಯ ಆಚೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ವಾಚಮನ್. ಅಲ್ಲೇ ಅವನಿಗೊಂದು ಖೋಲಿ ಕೊಟ್ಟಿದ್ದರು. ರಜೆ ಸಿಕ್ಕಾಗ ಊರಿಗೆ ಬರುತ್ತಿದ್ದ. ಅವ್ವ ಶಾಂತವ್ವ ಗೌಡರ ತೋಟದಲ್ಲಿ ಕಳೆ ತೆಗೆಯುತ್ತಿದ್ದಳು, ಜೊತೆಗೆ ಅವರ ಒಂದು ಎಮ್ಮೆಯನ್ನು ಪಾಲಿಗೆ ಸಾಕಿದ್ದಳು. ಪಾಲಿಗೆ ಎಂದರೆ ಮೇವು, ಸಗಣಿ, ಸೇವೆ ನಮ್ಮದು, ಎಮ್ಮೆ ಅವರದು, ಕರು ಮಾರಿದಾಗ ಇಬ್ಬರದೂ. ಹಾಲು ನಾವೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲೇಬೇಕಿತ್ತು, ಏಕೆಂದರೆ ನಮ್ಮ ಓಣಿಯ ಹಾಲನ್ನು ಊರ ಡೇರಿಯಲ್ಲಿ ಯಾರೂ ಅಳೆದುಕೊಳ್ಳುತ್ತಿರಲಿಲ್ಲ. ಹಾಗಂತ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕ್ಯಾನು ತುಂಬೇತಿ, ನಾಳೆ ತಾ ಎನ್ನುತ್ತಿದ್ದರು. ಆ ನಾಳೆ ನಾನು ಊರಲ್ಲಿ ಇರುವ ತನಕ ಬರಲಿಲ್ಲ.

ಗೌಡರನ್ನು ಊರೆಲ್ಲ ತಾತ್ಯಾ ಎನ್ನುತ್ತಿತ್ತು. ಬೈಯುವ ಮನುಷ್ಯನಲ್ಲ. ಹೆಣ್ಣುಮಕ್ಕಳನ್ನು ತಂಗಿ ಎಂದೇ ಮಾತಾಡಿಸುತ್ತಿದ್ದರು. ಇದನ್ನು ಬರೆಯಲೇಬೇಕು, ಯಾಕೆಂದರೆ ಒಳ್ಳೆಯವರು ಎಂದು ಊರು ಕರೆಯುವ ಜನ ಹೇಗಿರುತ್ತಾರೆ ಎಂದು ನಾನು ಕಲಿತದ್ದು ಅವರಿಂದಲೇ.

ಮುಂಗಾರಿಗೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ತಿಳಿನೀರು ಕೆಂಪಾಗಿರುತ್ತಿತ್ತು, ಮೇಲೆ ಕಬ್ಬಿನ ಒಣಗರಿಯ ರವದಿ, ನೊರೆ, ಯಾರದೋ ಹೊಲದ ಕುಂಬಳಬಳ್ಳಿ. ಹೊಸ ನೀರು ಬಂತು ಎಂದು ಮಕ್ಕಳು ಓಣಿ ಓಣಿ ಕೂಗುತ್ತ ಓಡುತ್ತಿದ್ದೆವು. ಹೊಸ ನೀರು ಬಂದ ಕೂಡಲೇ ದೋಣಿ ಕಟ್ಟಿಹಾಕಬೇಕು. ಗೌಡರ ಮನೆಯ ಮುತ್ತೈದೆ ಬಂದು ಗಂಗವ್ವನ ಉಡಿ ತುಂಬಬೇಕು. ಖಣ, ಕಾಯಿ, ಅಕ್ಕಿ, ಹಸಿರು ಬಳೆ, ಅರಿಶಿನದ ಕೊಂಬು, ಎಲ್ಲ ಮೊರದಲ್ಲಿಟ್ಟು ನೀರಿಗೆ ಬಿಡಬೇಕು. ಅಲ್ಲಿಯ ತನಕ ಅಂಬಿಗನನ್ನು ಬಿಟ್ಟು ಯಾರೂ ದೋಣಿಗೆ ಕಾಲಿಡುವ ಹಾಗಿಲ್ಲ, ಇಟ್ಟರೆ ಹೊಳೆ ಬಲಿ ಬೇಡುತ್ತದೆ ಎಂಬ ಮಾತು. ಆಮೇಲೆ ದಂಡೆಯ ಮೇಲೆ ಹೋಳಿಗೆ ಹಂಚುತ್ತಿದ್ದರು. ನಮ್ಮ ಸಾಲು ಬೇರೆ, ಕೊನೆಗೆ, ಮೇಲಿನಿಂದ ಬೊಗಸೆಗೆ ಹಾಕುತ್ತಿದ್ದರು. ಹೋಳಿಗೆ ಮಾತ್ರ ಬಿಸಿ ಇರುತ್ತಿತ್ತು, ಏಲಕ್ಕಿ ಘಮ್ಮೆನ್ನುತ್ತಿತ್ತು. ಬೆಳಿಗ್ಗೆ ನೀರು ಬಂದರೆ ಸಂಜೆಯೊಳಗೆ ಇದೆಲ್ಲ ಮುಗಿದು ಮರುದಿನ ದೋಣಿ ನಡೆಯುತ್ತಿತ್ತು. ಹಾಗಾಗಿ ಅದೊಂದು ಹಬ್ಬ, ತೊಂದರೆ ಎಂದು ಯಾರಿಗೂ ಅನಿಸಿರಲಿಲ್ಲ.

ನಾನು ಐದನೇ ಇಯತ್ತೆಗೆ ಹೋಗುವ ವರ್ಷ ಅಕ್ಕ ಹನ್ನೆರಡನೇ ಇಯತ್ತೆ ಪಾಸಾದಳು. ಗಡ್ಡೆಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳು. ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದ್ದಳು, ಚಿಕ್ಕೋಡಿಗೆ ಬಂದು ಸಂದರ್ಶನ ಕೊಡಬೇಕೆಂದು ಕರೆ ಬಂತು. ಅಪ್ಪ ಕಾರ್ಖಾನೆಯಲ್ಲಿ ಪೇಢೆ ಹಂಚಿದನಂತೆ. ರಜೆಗೆ ಬಂದವನು, ಸಂದರ್ಶನದ ದಿನ ಬೆಳಿಗ್ಗೆ ತೆಂಕಲ ದಂಡೆಗೆ ಸೈಕಲ್ಲು ತಂದು ನಿಂತಿರುತ್ತೇನೆ, ಅಲ್ಲಿಂದ ಬಸ್ಸಿಗೆ ಬಿಡುತ್ತೇನೆ ಎಂದು ಹೇಳಿ ಕೆಲಸಕ್ಕೆ ಮರಳಿದ. ಅಕ್ಕ ಬಿಳಿ ಸಲವಾರು ಹೊಲಿಸಿಕೊಂಡಳು. ಕೆಂಡ ತುಂಬಿದ ತಂಬಿಗೆ ಒತ್ತಿ ಒತ್ತಿ ಇಸ್ತ್ರಿ ಮಾಡಿ ಟ್ರಂಕಿನಲ್ಲಿಟ್ಟಳು. ನಾನು ಅದನ್ನು ಮುಟ್ಟಿ ನೋಡಬೇಕಾದರೆ ಮೊದಲು ಕೈ ತೊಳೆಯಬೇಕಿತ್ತು.

ಅದೇ ವಾರ ಹೊಸ ನೀರು ಬಂತು. ಅದೇ ದಿನ ಮಧ್ಯಾಹ್ನ ತಾತ್ಯಾನ ತಾಯಿ, ಹಣ್ಣು ಹಣ್ಣು ಮುದುಕಿ, ತೀರಿಕೊಂಡಳು. ದೊಡ್ಡ ಮನೆಗೆ ಸೂತಕ. ಸೂತಕದ ಮನೆಯವರು ಉಡಿ ತುಂಬುವ ಹಾಗಿಲ್ಲ, ಬೇರೆ ಮನೆಯವರಿಗೆ ಆ ಮಾನವಿಲ್ಲ. ಎಂದರೆ ಸೂತಕ ಕಳೆಯುವ ತನಕ ದೋಣಿ ಬಿಡುವ ಹಾಗಿಲ್ಲ.

ಮೊದಲ ದಿನಗಳು ನಮಗೆ ಮಜವೋ ಮಜ. ಶಾಲೆಯಿಲ್ಲ, ಬರೀ ಕುಂಟಾಟ, ಚಿಣಿದಾಂಡು. ಅವ್ವ ಪುಂಡಿಪಲ್ಯ, ಬಿಸಿ ರೊಟ್ಟಿ ಮಾಡಿ ಕರೆದರೂ ಮನೆಗೆ ಹೋಗುತ್ತಿರಲಿಲ್ಲ. ಅಕ್ಕ ಮಾತ್ರ ಸಂಜೆ ಹೊತ್ತು ಹೊಳೆಯ ದಂಡೆಗೆ ಹೋಗಿ ಕೂರುತ್ತಿದ್ದಳು. ಕಟ್ಟಿಹಾಕಿದ ದೋಣಿ ಅಲ್ಲಿ ಹಗ್ಗ ಎಳೆಯುತ್ತ ತೂಗಾಡುತ್ತಿತ್ತು. ಸಂದರ್ಶನದ ದಿನ ಹತ್ತಿರವಾದಾಗ ಅವ್ವ ತಾತ್ಯಾನ ಮನೆಯ ಅಂಗಳಕ್ಕೆ ಹೋಗಿ ನಿಂತಳು, ನಾನು ಅವಳ ಸೆರಗು ಹಿಡಿದಿದ್ದೆ. ಮಗಳ ನೌಕರಿಯ ಮಾತು, ಒಂದು ಸಲ ದಾಟಿಸಿಬಿಡಲಿ ಎಂದು ಕೇಳಿದಳು. ತಾತ್ಯಾ ಬೈಯಲಿಲ್ಲ. ಅವರ ಕಣ್ಣು ತೇವವಾಗಿದ್ದವು, ತಾಯಿಯ ದುಃಖ.

"ಇದ ನನ್ನ ಕೈಯಾಗಿನ ಮಾತಲ್ಲ ತಂಗಿ. ಗಂಗವ್ವನ ಮಾತು. ನಾ ಹುಕುಂ ಮಾಡಾಕ ಆಕಿ ನನ್ನ ಮನಿ ಆಳೇನು?" ಎಂದರು.

ಅವ್ವ ಮನೆಗೆ ಹೊರಳಿದಳು. ಅದು ಗೌಡನ ಮಾತಲ್ಲ, ಹೊಳೆಯ ಮಾತು ಎಂದು ಅವಳೂ ನಂಬಿದಳೇನೋ. ನಾನಂತೂ ನಂಬಿದೆ. ಹೊಳೆಯ ಮೇಲೆ ಸಿಟ್ಟಾಗಿ ದಂಡೆಗೆ ಹೋಗಿ ಕಲ್ಲು ಒಗೆದು ಬಂದೆ.

ಮರುದಿನ ಬೆಳಗಿನ ಹೊತ್ತು ಎಮ್ಮೆಗೆ ಹುಲ್ಲು ತರಲು ದಂಡೆಯ ಕೆಳಗಿನ ಜಾಲಿಗಿಡಗಳ ಹತ್ತಿರ ಹೋಗಿದ್ದೆ. ದೋಣಿ ಕಟ್ಟಿದ ಜಾಗದಲ್ಲಿ ದೋಣಿ ಇರಲಿಲ್ಲ. ಹೊಳೆಯ ನಡುವೆ ಇತ್ತು. ಯಲ್ಲಪ್ಪ ಕಾಕಾ ಗಳ ಹಾಕುತ್ತಿದ್ದ, ಮುಂದಿನ ಹಲಗೆಯ ಮೇಲೆ ಹಾಲಿನ ಕ್ಯಾನುಗಳು ಸಾಲಾಗಿ ಕೂತಿದ್ದವು, ಅವುಗಳ ನಡುವೆ ತಾತ್ಯಾನ ಮನೆಯ ಆಳು ಪರಸಪ್ಪ ಬೀಡಿ ಸೇದುತ್ತಿದ್ದ. ಆಚೆ ದಂಡೆಯಲ್ಲಿ ಡೇರಿಯ ಗಾಡಿ ನಿಂತಿತ್ತು. ನಾನು ಹುಲ್ಲು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಅವ್ವ ಹೋಗಿ ವಿಚಾರಿಸಿದಳು. ಯಾರೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಏನೂ ಇಲ್ಲ ಎಂದೇ ಅವರ ಭಾವನೆ. ಊರ ಹಿರಿಯರು ಕೂತು ವಿಚಾರ ಮಾಡಿದ್ದರಂತೆ. ಹಾಲು ಕೆಡುತ್ತದೆ, ಹಾಲಿಗೆ ಸೂತಕವಿಲ್ಲ, ಹಾಲಿಗೆ ಮೈಲಿಗೆಯಿಲ್ಲ. ಕ್ಯಾನು ಎತ್ತಿಳಿಸಲು ಒಬ್ಬ ಆಳು ಬೇಕೇಬೇಕು, ಹಾಲಿನ ಸಂಗಡ ಹೋದವನು ಹಾಲಿನ ಲೆಕ್ಕ. ಇಷ್ಟು ನ್ಯಾಯ ಮಾತಾಡಿ ಮುಗಿಸಿದ್ದರು. ಹಾಲಿಗೆ ದಾರಿ ಹುಡುಕಲು ಕೂತ ಜನಕ್ಕೆ ಒಬ್ಬ ಹುಡುಗಿಯ ನೆನಪು ಬರಲಿಲ್ಲ. ನೆನಪು ಬಂದು ಬಿಟ್ಟರೋ, ಬರಲೇ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂಬುದೂ ಗೊತ್ತಿಲ್ಲ.

ಸಂದರ್ಶನದ ದಿನ ಅವ್ವ ಬೆಳಕು ಹರಿಯುವುದಕ್ಕೆ ಎಮ್ಮೆ ಹಿಂಡಿದಳು. ನೊರೆಹಾಲನ್ನು ಸೋಸಿ, ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆಯ ಕೊಡಕ್ಕೆ ಹೊಯ್ದಳು. ಅಕ್ಕ ಬಿಳಿ ಸಲವಾರು ಹಾಕಿಕೊಂಡು, ಎರಡು ಜಡೆ ಹೆಣೆದು ತಯಾರಾದಳು. ಕೊಡ ಎತ್ತಿಕೋ ಎಂದಳು ಅವ್ವ. ಅಕ್ಕ ಯಾಕೆಂದು ಕೇಳಲಿಲ್ಲ. ಸೊಂಟಕ್ಕೆ ಕೊಡ ಇಟ್ಟುಕೊಂಡಳು. ಮೂವರೂ ದಂಡೆಗೆ ನಡೆದೆವು.

ದಂಡೆಯಲ್ಲಿ ಹಾಲು ತಂದವರೆಲ್ಲ ನಿಂತಿದ್ದರು. ತಾತ್ಯಾ ಹೆಗಲ ಮೇಲೆ ಶಾಲು ಹಾಕಿಕೊಂಡು ದೂರದ ಕಟ್ಟೆಯ ಮೇಲೆ ಕೂತಿದ್ದರು. ಕ್ಯಾನುಗಳು ದೋಣಿ ಏರಿದ್ದವು. ಆಚೆ ದಂಡೆಯಲ್ಲಿ, ಡೇರಿಯ ಗಾಡಿಯ ಪಕ್ಕ, ಒಂದು ಸೈಕಲ್ಲು ಹಿಡಿದು ನಮ್ಮಪ್ಪ ನಿಂತಿದ್ದ. ಮುಖ ಕಾಣುತ್ತಿರಲಿಲ್ಲ, ಖಾಕಿ ಅಂಗಿ ಕಾಣುತ್ತಿತ್ತು. ನಾನು ಕೈ ಬೀಸಿದೆ. ಅವನೂ ಬೀಸಿದ.

ಅವ್ವ ನೇರ ಕಟ್ಟೆಯ ಮುಂದೆ ಹೋಗಿ ನಿಂತಳು.

"ಹಾಲ ತಂದೀವ್ರಿ ತಾತ್ಯಾರ. ಹಾಲಿನ ಸಂಗಾಟ ನನ್ನ ಮಗಳು ಹೋಗ್ತಾಳ. ಹಾಲಿನ ಸಂಗಾಟ ಹೋದವ್ರು ಹಾಲಿನ ಲೆಕ್ಕ ಅಂತ ನೀವ ನ್ಯಾಯ ಮಾಡೀರಿ."

ಯಾರೋ ಒಬ್ಬ ಹರೆಯದವನು ನಕ್ಕ, ಪಕ್ಕದವರು ಅವನನ್ನು ಗದರಿಸಿದರು. ತಾತ್ಯಾ ಕೊಡವನ್ನು ನೋಡಿದರು. ಆಮೇಲೆ ಮೆತ್ತಗೆ, ಮಗುವಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದರು.

"ಆ ಹಾಲು ಬ್ಯಾರೆ, ಈ ಹಾಲು ಬ್ಯಾರೆ, ಶಾಂತವ್ವ. ನಿನಗೂ ತಿಳಿತೈತಿ."

"ತಿಳಿವಲ್ದರಿ. ಎಮ್ಮಿ ನಿಮ್ಮದ ಐತಿ. ಹಾಲ ಬ್ಯಾರೆ ಹೆಂಗ ಆತು? ಹಿಂಡಿದ ಕೈ ಬ್ಯಾರೆ ಅಂತ ಬಾಯಿ ಬಿಟ್ಟ ಹೇಳ್ರಿ."

ಅವರು ಹೇಳಲಿಲ್ಲ. ಅವರು ಹೇಳಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ. ಮುಖ ತಿರುಗಿಸಿ ಅಂಬಿಗನ ಕಡೆ ನೋಡಿದರು.

"ಯಲ್ಲ್ಯಾ, ಹೊತ್ತಾತು, ಬಿಡು," ಎಂದರು.

ನಾನು ಯಲ್ಲಪ್ಪ ಕಾಕಾನನ್ನು ನೋಡಿದೆ. ಅಕ್ಕನೂ ಅವನನ್ನೇ ನೋಡುತ್ತಿದ್ದಳು. ದೋಣಿಯ ಅಂಚು ಅವಳ ಕಾಲಿನಿಂದ ಒಂದು ಹೆಜ್ಜೆ ದೂರದಲ್ಲಿತ್ತು, ಅದೂ ಆ ಬಾಲದ ಮೂಲೆ, ನಮ್ಮದೇ ಮೂಲೆ. ಅವನು ತಲೆ ಎತ್ತಿದ್ದರೆ ಸಾಕಿತ್ತು. ಸುಗ್ಗಿಗೆ ದೋಣಿ ನಡೆಸುವ ಕೂಲಿಯಾಗಿ ಅವನ ಮನೆಗೆ ಆಯದ ಜೋಳ ಬರುತ್ತಿದ್ದದ್ದು ದೊಡ್ಡ ಮನೆಯ ಕಣದಿಂದ, ಅದು ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ಶೇಂಗಾ ಮಾತ್ರ. ಅವನು ಹಗ್ಗ ಬಿಚ್ಚಿದ, ಗಳ ಚುಚ್ಚಿದ, ದೋಣಿಯ ಅಂಚಿನಗುಂಟ ನಡೆದ. ದೋಣಿ ಸರಿಯಿತು.

ಅಕ್ಕ ಅಳಲಿಲ್ಲ. ಕೊಡವನ್ನು ಸೊಂಟದಿಂದ ಇಳಿಸಿ ಅವ್ವನ ಕೈಗೆ ಕೊಟ್ಟಳು. ಅವ್ವ ನೀರಿನೊಳಗೆ ಮೊಣಕಾಲ ತನಕ ಇಳಿದು ಕೊಡ ಬಗ್ಗಿಸಿದಳು. ಕೆಂಪು ನೀರಿನ ಮೇಲೆ ಹಾಲು ಒಂದು ಗಳಿಗೆ ಬೆಳ್ಳಗೆ ಹರಡಿತು, ಆಮೇಲೆ ಸುಳಿಗೆ ಸಿಕ್ಕಿ ಹೋಯಿತು. ಅವಳು ಹೊರಳಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮ ಹಾಲ ನಿಮ್ಮ ಗಂಗವ್ವನ ಉಡ್ಯಾಗ ಹಾಕೇನಿ. ಇನ್ನ ಹೊಳಿ ತೊಳ್ಕೋರಿ."

ಅಷ್ಟು ಹೇಳಿ ಖಾಲಿ ಕೊಡ ಎತ್ತಿಕೊಂಡು ನಡೆದಳು. ನಾನು ಮಾತ್ರ ಅಲ್ಲೇ ಜಾಲಿಗಿಡದ ಹತ್ತಿರ ನಿಂತೆ. ದೋಣಿ ಆಚೆ ಮುಟ್ಟಿತು. ಖಾಕಿ ಅಂಗಿ ದೋಣಿಯ ಹತ್ತಿರ ಬಂತು. ಯಲ್ಲಪ್ಪ ಏನೋ ಹೇಳಿದ. ಖಾಕಿ ಅಂಗಿ ಬಹಳ ಹೊತ್ತು ಅಲ್ಲೇ ನಿಂತಿತು, ಅತ್ತ ಇತ್ತ ಓಡಾಡಿತು, ಕೊನೆಗೆ ಸೈಕಲ್ಲು ತಳ್ಳಿಕೊಂಡು ಹೋಯಿತು. ಹತ್ತಲಿಲ್ಲ, ತಳ್ಳಿಕೊಂಡೇ ಹೋಯಿತು.

ಸೂತಕ ಕಳೆಯಿತು. ಉಡಿ ತುಂಬಿದರು, ಹೋಳಿಗೆ ಹಂಚಿದರು. ಅವ್ವ ನಮ್ಮನ್ನು ಕಳಿಸಲಿಲ್ಲ, ಹೋಳಿಗೆಯ ವಾಸನೆ ಓಣಿಯ ತನಕ ಬಂತು. ಮೊದಲ ದೋಣಿಗೇ ಅಪ್ಪ ಬಂದ. ಒಂದು ಕೈಯಲ್ಲಿ ಬ್ರೆಡ್ಡಿನ ಪಾಕೀಟು, ಇನ್ನೊಂದರಲ್ಲಿ ಜ್ವರದ ಗುಳಿಗೆ. ಹೊಸ್ತಿಲು ದಾಟುತ್ತಲೇ ಅಕ್ಕನ ಹಣೆ ಮುಟ್ಟಿ, ಈಗ ಹೇಗಿದೀ ಎಂದು ಕೇಳಿದ. ಮಗಳಿಗೆ ಜ್ವರ ಬಂದಾವು, ಏಳಾಕ ಆಗವಲ್ದು ಎಂದು ಯಲ್ಲಪ್ಪ ಅವನಿಗೆ ಹೇಳಿದ್ದನಂತೆ. ಅಷ್ಟೂ ದಿನ ಅಪ್ಪ ಆಚೆ ದಂಡೆಯಲ್ಲಿ, ಬಾರದ ಜ್ವರಕ್ಕೆ ನಿದ್ದೆಗೆಟ್ಟಿದ್ದ. ಅವ್ವ ನಡೆದದ್ದನ್ನು ಹೇಳಿದಳು. ಅಪ್ಪ ಗೋಡೆಯ ಬುದ್ಧನ ಪಟದ ಕೆಳಗೆ ಕೂತ, ಗುಳಿಗೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಬ್ರೆಡ್ಡು ನಾನು ತಿಂದೆ. ಗಡ್ಡೆಯಲ್ಲಿ ಬ್ರೆಡ್ಡು ಸಿಗುತ್ತಿರಲಿಲ್ಲ, ಅದೂ ಸಿಹಿ ಬ್ರೆಡ್ಡು. ಎಷ್ಟು ರುಚಿ ಇತ್ತೆಂದರೆ ನನಗೆ ಈಗಲೂ ನೆನಪಿದೆ.

ಅಪ್ಪ ಅಕ್ಕನನ್ನು ಚಿಕ್ಕೋಡಿಗೆ ಕರೆದೊಯ್ದ. ಆಯ್ಕೆ ಮುಗಿದಿದೆ, ಬರುವ ವರ್ಷ ಬನ್ನಿ ಎಂದರಂತೆ. ಅವರ ತಪ್ಪೇನಿದೆ, ಅವರಿಗೆ ಹೊಳೆಯ ಸೂತಕ ಏನು ಗೊತ್ತು. ಆದರೆ ಬರುವ ವರ್ಷ ಎಂಬುದು ನಮ್ಮಂಥವರ ಮನೆಗೆ ಸುಮ್ಮನೆ ಬರುವುದಿಲ್ಲ. ತಾತ್ಯಾನ ಮನೆಯವರು ಎಮ್ಮೆ ಹೊಡೆದುಕೊಂಡು ಹೋದರು. ಅವ್ವನನ್ನು ಯಾರೂ ತೋಟದ ಕೆಲಸಕ್ಕೆ ಕರೆಯಲಿಲ್ಲ, ಕೇಳಿದರೆ ಆಳು ತುಂಬ್ಯಾರ ಎಂದರು. ದೀಪಾವಳಿ ಆಗುವುದರೊಳಗೆ ಅಕ್ಕ ನಿಪ್ಪಾಣಿಯ ಸೋದರತ್ತೆಯ ಸಂಗಡ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋದಳು. ಹೋಗುವ ಮುಂಚೆ ಒಂದು ಹಟ ಹಿಡಿದಳು. ಮುಂದಿನ ಹೊಸ ನೀರು ಬರುವ ಮೊದಲು ನನ್ನನ್ನು ಗಡ್ಡೆಯಿಂದ ದಾಟಿಸಿ ಅಪ್ಪನ ಖೋಲಿಯಲ್ಲಿಡಬೇಕು, ಅಲ್ಲಿಂದಲೇ ಶಾಲೆಗೆ ಹೋಗಬೇಕು. ಊಟ ಬಿಟ್ಟು ಕೂತು ಅಪ್ಪನನ್ನು ಒಪ್ಪಿಸಿದಳು. ನಾನು ಓದಿದೆ, ನೌಕರಿ ಹಿಡಿದೆ. ಅಕ್ಕ ವಖಾರಿಯಲ್ಲಿ ತಂಬಾಕು ಬಡಿದಳು, ಜರಡಿ ಹಿಡಿದಳು, ಕೆಮ್ಮಿದಳು. ಅಲ್ಲಿಯೇ ಮದುವೆಯಾದಳು. ಬೇಡಕಿಹಾಳದ ನನ್ನ ಗಂಡನ ಮನೆಗೆ ಬಂದರೆ ಮೊದಲು ಹಿತ್ತಲಿಗೆ ಹೋಗಿ ಮೊಣಕೈ ತನಕ ಸೋಪು ಹಚ್ಚಿ ತೊಳೆಯುತ್ತಾಳೆ, ಆಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳುತ್ತಾಳೆ. ಹಾಗೆ ಕೈ ತೊಳೆಯುವುದನ್ನು ನೋಡಿದಾಗಲೆಲ್ಲ ಇವಳು ಎಂಥ ನರ್ಸು ಆಗುತ್ತಿದ್ದಳು ಎಂದು ನನಗೆ ಅನಿಸುತ್ತದೆ.

ಕಳೆದ ತಿಂಗಳು ಅವಳನ್ನು ಸೇತುವೆ ನೋಡಲು ಕರೆದುಕೊಂಡು ಹೋಗಿದ್ದೆ. ಬಣ್ಣ ಬಳಿದ ದೋಣಿ ಕಟ್ಟೆಯ ಮೇಲಿತ್ತು. ಜಿನುಗುತ್ತಿದ್ದ ಬಾಲದ ಮೂಲೆಗೆ ಹೊಸ ಹಲಗೆ ಹೊಡೆದು ಅಲ್ಲಿ ಪ್ಲಾಸ್ಟಿಕ್ಕಿನ ಹೂವಿನ ಕುಂಡ ಇಟ್ಟಿದ್ದರು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನೆರಳಲ್ಲಿ ಯಲ್ಲಪ್ಪ ಕಾಕಾ ಕೂತಿದ್ದ. ಮುಪ್ಪಾಗಿದ್ದಾನೆ, ಮೊಣಕಾಲು ಬಾತಿವೆ. ಸಮಾರಂಭದಲ್ಲಿ ಅವನಿಗೆ ಶಾಲು ಹೊದಿಸುತ್ತಾರಂತೆ. ಅಕ್ಕ ಹತ್ತಿರ ಹೋಗಿ ಹೇಗಿದೀ ಕಾಕಾ, ಔಷಧ ತಗೋತೀಯೋ ಇಲ್ಲವೋ ಎಂದು ಮೊಣಕಾಲು ಒತ್ತಿ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಶೇಂಗಾ ಕೊಟ್ಟ ಕೈ ಅದೇ, ಹಗ್ಗ ಬಿಚ್ಚಿದ ಕೈಯೂ ಅದೇ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಅವತ್ತ ನಮ್ಮಪ್ಪಗ ಅಕ್ಕಗ ಜ್ವರ ಅಂತ ಯಾಕ ಸುಳ್ಳ ಹೇಳಿದಿ ಕಾಕಾ?"

ಅವನು ಮರೆತಿರಲಿಲ್ಲ. ಮರೆತಂತೆ ನಟಿಸಲೂ 'ಯಾವತ್ತು' ಎಂದು ಕೇಳಲಿಲ್ಲ.

"ಖರೇ ಹೇಳಿದ್ರ ನಿಮ್ಮಪ್ಪ ಹೊಳಿಗೆ ಜಿಗೀತಿದ್ದ ತಂಗಿ. ಈಸಿ ಬರತಿದ್ದ, ಆ ಹೊಸ ನೀರಾಗ. ಉಳೀತಿದ್ದಿಲ್ಲ. ಮಾಯವ್ವನ ಆಣಿ, ಅದಕ್ಕ ಹೇಳಿದೆ."

ನಿಜವಿರಬಹುದು. ಅಪ್ಪ ಅಂಥವನೇ. ಆದರೆ ಅದನ್ನು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ನಡೆದದ್ದು ಎಷ್ಟು ದೊಡ್ಡದು, ಅದಕ್ಕಾಗಿ ಒಬ್ಬ ತಂದೆ ಪ್ರಾಣ ಬಿಡಬಹುದು ಎಂದು ಅವನಿಗೆ ಅಂದೇ ಗೊತ್ತಿತ್ತು. ಅಪ್ಪ ಈಸಬೇಕಾದ ಅಗತ್ಯವೇ ಇರಲಿಲ್ಲ. ದೋಣಿ ಅವನ ಕಾಲ ಕೆಳಗೇ ಇತ್ತು. ಇದನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಕ್ಕ ನನ್ನ ರಟ್ಟೆ ಹಿಡಿದು ಎಳೆದಳು, ಸೇತುವೆಯ ಕಡೆ ನಡೆಸಿಕೊಂಡು ಹೋದಳು. ನೀನು ಹೇಗೆ ಅವನ ಮೊಣಕಾಲು ಮುಟ್ಟಿದೆ ಎಂದು ದಾರಿಯುದ್ದಕ್ಕೂ ಅವಳ ಮೇಲೂ ಹರಿಹಾಯ್ದೆ. ಅವಳು ನನ್ನ ರಟ್ಟೆ ಬಿಡದೆ ನಡೆದಳು.

ದೋಣಿ ಹೋಗಿ ಏನೇನು ಕಳೆದುಕೊಂಡೆವು ಎಂದು ಗ್ರೂಪಿನವರು ಪಟ್ಟಿ ಮಾಡುತ್ತಾರೆ. ನಾನೂ ಕಳೆದುಕೊಂಡಿದ್ದೇನೆ. ಡಾಂಬರಿನ ವಾಸನೆ, ಶೇಂಗಾ ಸಿಪ್ಪೆಯ ಪಂದ್ಯ, ಒಬ್ಬ ಕಾಕಾ. ಆದರೆ ಅವು ದೋಣಿ ಹೋದಾಗ ಹೋದವಲ್ಲ, ದೋಣಿ ಇದ್ದಾಗಲೇ ಹೋದವು. ತಾತ್ಯಾನ ಮೊಮ್ಮಗನೇ, ನೀನು ಕೇಳಿದ್ದು ನೆನಪು, ಕೊಟ್ಟಿದ್ದೇನೆ.

ಸೇತುವೆಯ ನಡುವೆ ಬಂದಾಗ ಅಕ್ಕ ನಿಂತಳು. ಕೆಳಗೆ ಹೊಸ ನೀರು ಬಂದಿತ್ತು, ಕೆಂಪಗೆ, ರವದಿ ಹೊತ್ತು. ಪಕ್ಕದಲ್ಲಿ ಡೇರಿಯ ಟೆಂಪೋ ಒಂದು ಹಾರ್ನು ಹೊಡೆಯುತ್ತ ಹೋಯಿತು. ಅವಳು ಅಂದು ತಾನು ನಿಂತಿದ್ದ ದಂಡೆಯನ್ನು ನೋಡಿದಳು, ಹೊರಳಿ ಅಪ್ಪ ನಿಂತಿದ್ದ ದಂಡೆಯನ್ನು ನೋಡಿದಳು. ಎರಡೂ ಕೈ ಕಟಾಂಜನದ ಮೇಲೆ ಊರಿ ಮತ್ತೊಮ್ಮೆ ನೋಡಿದಳು.

"ಇಷ್ಟ ಇತ್ತೇನ ಇದು?" ಎಂದಳು.

ಹೌದಕ್ಕ, ಇಷ್ಟೇ ಇತ್ತು ಎಂದೆ.